ಹಳದಿ ಪೆಟ್ಟಿಗೆ

ಗುರುವಾರ, ನವೆಂಬರ್ ೧೪

ಖುಷಿಯಲ್ಲಿ ನನಗೆ ನಿದ್ದೆಯೇ ಬರುತ್ತಿಲ್ಲ. ನಮ್ಮ ಆಫೀಸಿನ ಭೂವಿಜ್ಞಾನಿಯ ಪೆಚ್ಚುಮೋರೆ ಕಣ್ಣಿಗೆ ಕಟ್ಟಿದ ಹಾಗಿದೆ.

ನಮ್ಮ ಗಣಿಯ ಮಾಡೆಲ್, ಅಂದರೆ ನೆಲದಡಿಯ ಅದಿರಿನ ಬಣ್ಣದ ನಕ್ಷೆ ಇರುವ ಫೈಲನ್ನು ಒಬ್ಬರು ತೆರೆದಿಟ್ಟರೆ ಉಳಿದವರು ನೋಡಬಹುದಷ್ಟೇ, ಅವರು ಮಾಡಿದ ಬದಲಾವಣೆ ಒಂದೂ ಉಳಿಯುವುದಿಲ್ಲ. ಸಾಫ್ಟ್‌ವೇರು ಹಾಗಂತ ಹಳದಿ ಪೆಟ್ಟಿಗೆಯಲ್ಲಿ ಹೇಳಿಯೇ ಹೇಳುತ್ತದೆ. ಬೆಳಿಗ್ಗೆ ಭೂವಿಜ್ಞಾನಿ ಅದನ್ನು ಓದದೆ, ನೊಣ ಓಡಿಸುವವನ ಹಾಗೆ 'ಓಕೆ' ಒತ್ತಿಬಿಟ್ಟ. ಫೈಲು ತೆರೆದಿದ್ದದ್ದು ನನ್ನ ಕಂಪ್ಯೂಟರಿನಲ್ಲಿ. ಪಕ್ಕದಲ್ಲೇ ಕೂತಿದ್ದೆ, ತುಟಿ ಪಿಟಕ್ ಎನ್ನಲಿಲ್ಲ. ಹೋದ ತಿಂಗಳು ಎಲ್ಲರೆದುರು ನನ್ನ ಮಾಡೆಲನ್ನು ಮಕ್ಕಳು ಬಣ್ಣ ತುಂಬುವ ಪುಸ್ತಕ ಎಂದವನಿಗೆ ನಾನ್ಯಾಕೆ ಓದಿ ಹೇಳಲಿ?

ಸಂಜೆ ಮ್ಯಾನೇಜರ್ ಎದುರು ತೆರೆದರೆ ದಿನವಿಡೀ ಮಾಡಿದ್ದೆಲ್ಲ ಮಂಗಮಾಯ. ನಾಳೆ ಬೆಳಕು ಹರಿಯುವಷ್ಟರಲ್ಲಿ ನಕ್ಷೆ ಕೈಗೆ ಬರಬೇಕು ಎಂದರು ಅವರು. "ಉಳಿಸೋಕೆ ಮರ್ತೆ ಅನ್ಸುತ್ತೆ," ಅಂದ ಇವನು. ಆಮೇಲೆ ಹೆಂಡತಿಗೆ ಫೋನ್ ಮಾಡಿ, "ಆಸ್ಪತ್ರೇಲಿ ಅಮ್ಮನ ಹತ್ರ ಇವತ್ತೂ ನೀನೇ ಇರು. ನಾನು ಮೊದಲಿಂದ ಮಾಡ್ಬೇಕು," ಅಂದ.

ಹೊರಡುವಾಗ ಅವನ ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟೆ. "ನೀನಾದ್ರೂ ಇದ್ದೀಯಲ್ಲ," ಅಂದ.

ನನ್ನ ಕಂಪ್ಯೂಟರಿನ ಪರದೆಯನ್ನಷ್ಟೇ ಆರಿಸಿ ಬಂದಿದ್ದೇನೆ. ಫೈಲು ಇನ್ನೂ ತೆರೆದೇ ಇದೆ.