ಮಲಗಿ ನೋಡುವ ಹಕ್ಕು

ಮಾರ್ಚ್ 3, ಸೋಮವಾರ

ಹೊಸ ಡೈರಿ. ಯಾರದೆಂದು ಮೊದಲ ಪುಟದಲ್ಲೇ ಬರೆದುಬಿಡುತ್ತೇನೆ. ನಾನು ಈ ಬೀದಿಯ ಹಾಸಿಗೆ ಅಂಗಡಿಯ ಯಜಮಾನಿ. ಒಬ್ಬ ಮಗ, ಒಬ್ಬಳು ಸೊಸೆ, ಹನ್ನೊಂದು ಜನ ಕೆಲಸದವರು. ಹೈಸ್ಕೂಲು ಮುಗಿಸಿದವಳು. ಗಂಡ ಹೋದಾಗ ಅಂಗಡಿ ಮಾರಿಬಿಡಿ ಎಂದವರು ಬಹಳ ಜನ. ಅವರೆಲ್ಲ ಈಗ ನನ್ನ ಹಾಸಿಗೆಯ ಮೇಲೇ ಮಲಗುತ್ತಾರೆ.

ಇಲ್ಲಿ ಒಂದು ನಿಯಮವಿದೆ. ನಾನು ಮಲಗಿ ನೋಡದ ಹಾಸಿಗೆ ಹೊಸ್ತಿಲು ದಾಟುವುದಿಲ್ಲ. ಕಣ್ಣು ಮುಚ್ಚಿ ಮೊದಲು ಅಂಗಾತ, ಆಮೇಲೆ ಎಡ ಮಗ್ಗುಲು, ಬಲ ಮಗ್ಗುಲು. ಹತ್ತಿ ಎಲ್ಲಿ ಗಂಟು ಕಟ್ಟಿದೆ, ಎಲ್ಲಿ ಹಳ್ಳ ಬಿದ್ದಿದೆ — ಕೈಗೆ ತಿಳಿಯದ್ದು ಬೆನ್ನಿಗೆ ತಿಳಿಯುತ್ತದೆ. ಅತ್ತೆಯವರ ಪದ್ಧತಿ. ಅವರಾದ ಮೇಲೆ ನಾನು. ಬೇರೆ ಯಾರಿಗೂ ಆ ಹಕ್ಕಿಲ್ಲ. ಮಗನಿಗೂ ಇಲ್ಲ. ಅವನು ಮಲಗಿದರೆ ಪರೀಕ್ಷೆ ಆಗುವುದಿಲ್ಲ, ನಿದ್ದೆ ಆಗುತ್ತದೆ.

ಇವತ್ತು ನಾಲ್ಕು ಪಾಸು, ಒಂದು ಫೇಲು.

ಮಧ್ಯಾಹ್ನ ಒಬ್ಬ ಗಿರಾಕಿ. ಹಾಸಿಗೆ ಮೆಚ್ಚಿದ. ದಿಂಬನ್ನೂ ಮೆಚ್ಚಿದ. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದ.

"ಅಮ್ಮಾ, ಬಿಲ್ ಬೇಡ. ತೆರಿಗೆ ಬಿಟ್ಟು ರೇಟು ಹೇಳಿ."

"ಬಿಲ್ ಇಲ್ಲದೆ ಈ ಅಂಗಡಿಯಿಂದ ದಾರದ ಉಂಡೆಯೂ ಆಚೆ ಹೋಗಲ್ಲ."

"ಹಿಂದಿನ ಬೀದೀಲಿ ಕೊಡ್ತಾರೆ."

"ಹಾಗಾದ್ರೆ ಹಿಂದಿನ ಬೀದೀಲೇ ಮಲಗಿ."

ಹೋದ. ಸೊಸೆ ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡು ನಕ್ಕಳು. ಮಾರಾಟ ತೆರಿಗೆ ಏರಿದಾಗಿನಿಂದ ಇಂಥವರು ದಿನಕ್ಕೊಬ್ಬರು. ಏರಿದ್ದರಲ್ಲಿ ಅರ್ಧ ಗಿರಾಕಿಯ ಮೇಲೆ, ಅರ್ಧ ನಮ್ಮ ಲಾಭದಿಂದ. ಕಟ್ಟಬೇಕಾದ್ದನ್ನು ಕಟ್ಟುತ್ತೇನೆ. ಬಾಗಿಲಿಗೆ ಯಾರೂ ಬಂದು ಕೇಳಬಾರದು, ಅಷ್ಟೆ.

ಮಾರ್ಚ್ 5, ಬುಧವಾರ

ಆಡಿಟರ್ ಬಂದಿದ್ದರು. ಕೂತವರು ಬ್ಯಾಗು ಮಡಿಲಲ್ಲೇ ಇಟ್ಟುಕೊಂಡಿದ್ದರು. ಒಳ್ಳೆಯ ಸುದ್ದಿಯಾದರೆ ನೆಲಕ್ಕಿಡುತ್ತಾರೆ.

ಏಪ್ರಿಲ್ ಒಂದರಿಂದ ಹೊಸ ನಿಯಮವಂತೆ. ಸಂಬಳ ಕೊಡುವ ಯಜಮಾನರು ಪ್ರತಿ ಸಂಬಳದ ಮೇಲೂ ತೆರಿಗೆ ಕಟ್ಟಬೇಕು. ಮೊದಲು ಇಪ್ಪತ್ತು ಜನ ಇದ್ದವರಿಗೆ ಇತ್ತು. ಈಗ ಹತ್ತಕ್ಕೆ ಇಳಿಸಿದ್ದಾರೆ.

"ಹತ್ತನೆಯವರ ಸಂಬಳಕ್ಕೆ ಮಾತ್ರ ತಾನೆ?"

"ಇಲ್ಲಮ್ಮ. ಒಂಬತ್ತು ಜನ ಇದ್ರೆ ಏನೂ ಇಲ್ಲ. ಹತ್ತಾದ್ರೆ ಹತ್ತೂ ಜನರ ಮೇಲೆ."

"ಇದ್ಯಾವ ನ್ಯಾಯ?"

"ನ್ಯಾಯ ನನ್ನ ಡಿಪಾರ್ಟ್‌ಮೆಂಟ್ ಅಲ್ಲಮ್ಮ. ನಂದು ಬರೀ ಲೆಕ್ಕ."

ನಮ್ಮಲ್ಲಿ ಹನ್ನೊಂದು ಜನ. ಬೆಲೆ ಏರಿಸೋಣವೆಂದರೆ ನರ್ಸುಗಳ ಹಾಸ್ಟೆಲಿನ ದೊಡ್ಡ ಆರ್ಡರ್ ಒಪ್ಪಿಕೊಂಡಾಗಿದೆ. ಒಂದು ವರ್ಷ ಅದೇ ರೇಟು ಎಂದು ನಾನೇ ಸಹಿ ಹಾಕಿದ್ದೇನೆ. ಈ ತೆರಿಗೆಯೂ ಸೇರಿದರೆ ವರ್ಷದ ಕೊನೆಗೆ ಉಳಿಯುವುದು ಹತ್ತಿಯ ಧೂಳು ಮಾತ್ರ.

"ಇಬ್ಬರನ್ನ ಕಡಿಮೆ ಮಾಡಿಬಿಡಿ" ಎಂದರು. ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿ ಎನ್ನುವ ಹಾಗೆ.

ಮಾರ್ಚ್ 6, ಗುರುವಾರ — ಬೆಳಿಗ್ಗೆ

ಕೊನೆಗೆ ಬಂದವರು ಮೊದಲು ಹೋಗಬೇಕು. ಎಲ್ಲ ಕಡೆ ನಡೆಯುವುದು ಹಾಗೇ. ನಮ್ಮಲ್ಲಿ ಕೊನೆಗೆ ಬಂದವರು ಆ ಅಕ್ಕತಂಗಿಯರು. ದಿಂಬಿನ ಗವಸು ಹೊಲಿಯುತ್ತಾರೆ. ಎದುರುಬದುರು ಮೆಷಿನ್. ಬೆಳಿಗ್ಗೆ ಬಂದು ಕೂತರೆ ಸಂಜೆ ಏಳುವ ತನಕ ಜಗಳ. ಬಾಚಣಿಗೆ ಯಾರದು, ಕೊಡೆ ಯಾರು ಕಳೆದದ್ದು, ಅಪ್ಪನಿಗೆ ಮದ್ದು ಕುಡಿಸುವ ಸರದಿ ಯಾರದು. ಹೊಲಿಗೆ ಮಾತ್ರ ಗೆರೆ ಎಳೆದ ಹಾಗೆ. ಆ ಮನೆಗೆ ಇವರಿಬ್ಬರ ಸಂಬಳ ಬಿಟ್ಟರೆ ಬೇರೆ ದಾರಿ ಇಲ್ಲ.

ಅದೇ ದಿನ, ಸಂಜೆ

ಮಹಡಿಯ ಮನೆಯಿಂದ ಸುದ್ದಿ ಆಗಲೇ ಕೆಳಗೆ ಅಂಗಡಿಗೆ ಇಳಿದಿದೆ. ಸೊಸೆಯ ಬಾಯಿಂದ ಇರಬೇಕು. 'ಕತ್ತರಿ' ನೇರ ನನ್ನ ಕುರ್ಚಿಯ ಮುಂದೆ ಬಂದು ನಿಂತಳು. ಬಟ್ಟೆ ಕತ್ತರಿಸುವವಳು ಅವಳು. ಹೆಸರು ಕೆಲಸದಿಂದ ಬಂತೋ ನಾಲಗೆಯಿಂದ ಬಂತೋ, ಈಗ ಯಾರಿಗೂ ನೆನಪಿಲ್ಲ.

"ಆ ಹುಡುಗೀರನ್ನ ತೆಗೀತೀರಂತೆ?"

"ಯಾರು ಹೇಳಿದ್ದು?"

"ಗೋಡೆ ಹೇಳ್ತು. ತೆಗೀತೀರೋ ಇಲ್ವೋ?"

"ನಿನ್ನನ್ನಂತೂ ತೆಗೀತಿಲ್ಲ. ಹೋಗು, ಕೆಲಸ ನೋಡು."

"ನನ್ನ ತೆಗೆಯೋಕೆ ಧೈರ್ಯ ಬೇಕಮ್ಮಾ" ಎಂದು ಹೋದಳು. ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣವೇ ಲೆಕ್ಕ ಮುಗಿಸುತ್ತಿದ್ದೆ. ಅವಳ ಹಾಗೆ ಬಟ್ಟೆ ಕತ್ತರಿಸುವ ಕೈ ಇನ್ನೊಂದಿಲ್ಲ. ಹಾಳಾದ ಕೈ!

ಮಾರ್ಚ್ 10, ಸೋಮವಾರ

ಊಟಕ್ಕೆ ಕೂತಾಗ ಮಗ ಒಂದು ಉಪಾಯ ತೆಗೆದ. ಪಾಲುದಾರರು ಸಂಬಳದವರ ಲೆಕ್ಕಕ್ಕೆ ಬರುವುದಿಲ್ಲವಂತೆ. ಹಳಬರು ಇಬ್ಬರನ್ನು — ಕತ್ತರಿಯನ್ನೂ ದಬ್ಬಳದಣ್ಣನನ್ನೂ — ಪಾಲುದಾರರೆಂದು ಬರೆದುಬಿಡುವುದು. ದಬ್ಬಳದಣ್ಣ ಎಂದರೆ ಉದ್ದ ಸೂಜಿಯಿಂದ ಹಾಸಿಗೆಗೆ ಟಾಕು ಹಾಕುವವನು, ಅತ್ತೆಯವರ ಕಾಲದಿಂದ ಇದ್ದಾನೆ.

"ಅವರಿಗೇನೂ ಕೊಡೋದು ಬೇಡ ಅಮ್ಮ. ಬರೀ ಕಾಗದದ ಮೇಲೆ. ಎಲ್ಲಿ ಅಂದ್ರೆ ಅಲ್ಲಿ ಸಹಿ ಹಾಕ್ತಾರೆ. ಉಳಿಯೋದು ಒಂಬತ್ತು ಜನ. ಆ ಹುಡುಗೀರೂ ಉಳೀತಾರೆ."

"ಅಂದ್ರೆ ಸುಳ್ಳು."

"ಎಲ್ಲರೂ ಮಾಡ್ತಾರೆ."

"ಎಲ್ಲರೂ ಸ್ಪಂಜು ತುಂಬಿ ಹತ್ತಿ ಅಂತಾರೆ. ನಾನು ಅಂದಿದ್ದೀನಾ?"

ಮಗ ಇನ್ನೊಂದು ಸೌಟು ಸಾರು ಬಡಿಸಿಕೊಂಡ. ಒಳ್ಳೆಯವನು. ಅಡ್ಡದಾರಿ ಕಂಡರೆ ಮಾತ್ರ ಕಾಲು ತಾನಾಗಿಯೇ ಆ ಕಡೆ ತಿರುಗುತ್ತದೆ, ಅವರಪ್ಪನ ಹಾಗೆ.

ಆಮೇಲೆ ಪಾತ್ರೆ ಎತ್ತಿಡುವಾಗ ಒಂದು ಯೋಚನೆ. ಸುಳ್ಳು ಬೇಡ. ನಿಜವಾಗಿಯೇ ಕೊಟ್ಟರೆ?

ಆಡಿಟರಿಗೆ ಫೋನ್ ಮಾಡಿದೆ. "ನಿಜವಾದ ಪಾಲಾದ್ರೆ ಯಾರೂ ಏನೂ ಅನ್ನೋ ಹಾಗಿಲ್ಲಮ್ಮ. ಆದ್ರೆ ನಿಜವಾಗ್ಲೂ ಕೊಡ್ತೀರಾ?" ಎಂದರು. ದನಿಯಲ್ಲಿ ನಂಬಿಕೆಯೇ ಇರಲಿಲ್ಲ.

ಮಾರ್ಚ್ 11, ಮಂಗಳವಾರ

ಮಗನಿಗೆ ಮೊದಲು ಹೇಳಿದೆ. ಹತ್ತು ಪಾಲು ಮಾಡುವುದು. ಕತ್ತರಿಗೆ ಒಂದು, ದಬ್ಬಳದಣ್ಣನಿಗೆ ಒಂದು. ತಿಂಗಳಿಗೆ ಸಂಬಳದಷ್ಟೇ ಮುಂಗಡ. ವರ್ಷದ ಕೊನೆಗೆ ಲಾಭವಾದರೆ ಲಾಭ, ನಷ್ಟವಾದರೆ ನಷ್ಟ.

ಮುಖ ಸಣ್ಣದಾಯಿತು. "ಅದು ನನಗೆ ಬರಬೇಕಾದ್ದಲ್ವಾ ಅಮ್ಮ?"

"ನಿನಗೆ ಬರಬೇಕಾದ್ದು ಅಂಗಡಿ. ಹೊಲಿಯೋರಿಲ್ಲದೆ ಬರೀ ಗೋಡೆ ಇಟ್ಟುಕೊಂಡು ಏನು ಮಾಡ್ತೀಯ, ಸುಣ್ಣ ಹೊಡೀತೀಯಾ?"

ಸೊಸೆ ಒಳಗಿನಿಂದ, "ಅತ್ತೆ ಹೇಳೋದು ಸರಿ ಇದೆ" ಎಂದಳು. ಅವಳನ್ನು ಯಾರೂ ಕೇಳಿರಲಿಲ್ಲ. ಆದರೂ ಸರಿ.

ಇಬ್ಬರನ್ನೂ ಹತ್ತಿ ಕೋಣೆಗೆ ಕರೆದೆ. ದಬ್ಬಳದಣ್ಣ ಕೇಳಿ ಬೆವರಿದ. "ನಷ್ಟದಲ್ಲೂ ಪಾಲಾ ಅಮ್ಮಾ? ನಂಗೆ ಸಂಬಳ ಸಾಕಿತ್ತಲ್ಲ. ಮನೇಲಿ ಕೇಳಿ ಹೇಳ್ತೀನಿ." ಸರಿ, ಕೇಳು ಎಂದೆ.

ಕತ್ತರಿ ಕೈಕಟ್ಟಿ ನಿಂತಿದ್ದಳು.

"ನಷ್ಟ ಆದ್ರೆ ನಂದೂ ಹೋಗುತ್ತೆ?"

"ಹೌದು."

"ಹಾಸಿಗೆ ಕೆಟ್ಟದು ಅಂತ ಹಾಸ್ಟೆಲಿನೋರು ವಾಪಸ್ ಕಳಿಸಿದ್ರೆ, ಆ ನಷ್ಟದಲ್ಲೂ?"

"ಪಾಲು ಅಂದ್ಮೇಲೆ ಎಲ್ಲದರಲ್ಲೂ."

"ಹಾಗಾದ್ರೆ ನಾನೂ ಮಲಗಿ ನೋಡ್ಬೇಕು."

"ಏನಂದೆ?"

"ಹಾಸಿಗೆ. ನೀವೊಬ್ರೇ ಮಲಗಿ ಪಾಸು ಅಂದ್ರೆ ನಾನ್ಯಾಕೆ ನಷ್ಟ ಹೊರಬೇಕು? ನಂಗೂ ಬೆನ್ನಿದೆ."

ಕೋಣೆಯಿಂದ ಆಚೆ ಹೋಗು ಎಂದೆ. ಹೋದಳು. ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋದಳು. ದಡಾರೆಂದು ಹಾಕಿದ್ದರೆ ಸಿಟ್ಟಾದರೂ ಇಳಿಯುತ್ತಿತ್ತು.

ಅತ್ತೆ ಇದ್ದಿದ್ದರೆ ಏನೆನ್ನುತ್ತಿದ್ದರು… ಆ ಹಕ್ಕು ಅವರು ನನಗೇ ಸುಲಭವಾಗಿ ಕೊಡಲಿಲ್ಲ.

ಮಾರ್ಚ್ 21, ಶುಕ್ರವಾರ

ಹತ್ತು ದಿನ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳ ಆಗುತ್ತಿತ್ತು.

ದಬ್ಬಳದಣ್ಣನ ಹೆಂಡತಿ ಹೇಳಿ ಕಳಿಸಿದಳು, ಒಪ್ಪಿಗೆಯಂತೆ. "ಯಜಮಾನ ಆದ್ಮೇಲಾದ್ರೂ ಮನೆಗೆ ಹೊತ್ತಿಗೆ ಬರ್ಲಿ" ಅಂದಳಂತೆ. ಒಬ್ಬನಾಯಿತು. ಉಳಿದವರು ಹತ್ತು. ಆ ಹಾಳು ಹತ್ತೇ.

ಕತ್ತರಿ ತನ್ನ ಪಾಡಿಗೆ ಕೆಲಸ ಮಾಡುತ್ತಾಳೆ. ಕೇಳಿದ್ದಕ್ಕೆ "ಹೂಂ ಅಮ್ಮಾ", "ಆಯ್ತಮ್ಮಾ". ಅವಳ ಬಾಯಲ್ಲಿ ವಿನಯ ಕೇಳಿದರೆ ಮೈ ಉರಿಯುತ್ತದೆ.

ಅಕ್ಕತಂಗಿಯರು ಜಗಳ ಬಿಟ್ಟಿದ್ದಾರೆ. ಇದು ನನ್ನನ್ನು ಹೆಚ್ಚು ಕಾಡುತ್ತಿದೆ. ಎರಡು ಮೆಷಿನ್ ಓಡುವ ಸದ್ದು ಬಿಟ್ಟರೆ ಏನೂ ಇಲ್ಲ. ನಿನ್ನೆ ತಂಗಿಯ ದಾರ ತುಂಡಾಯಿತು, ಅಕ್ಕ ಎದ್ದುಹೋಗಿ ಪೋಣಿಸಿ ಕೊಟ್ಟಳು. ಒಬ್ಬರ ಮೇಲೊಬ್ಬರಿಗೆ ಅಷ್ಟು ಪ್ರೀತಿ ಬಂದಿದೆ ಎಂದರೆ ಮನೆಯಲ್ಲಿ ಭಯ ಹೊಕ್ಕಿದೆ.

ಮಾರ್ಚ್ 24, ಸೋಮವಾರ

ಇದನ್ನು ಬರೆಯಲೋ ಬೇಡವೋ. ಬರೆಯುತ್ತೇನೆ, ಓದುವವರು ಯಾರಿದ್ದಾರೆ.

ಹಾಸ್ಟೆಲಿನ ಮೊದಲ ಕಂತು ಇವತ್ತು ಸಿದ್ಧ. ಸಾಲಾಗಿ ಹಾಸಿದ್ದರು, ಬಾಗಿಲಿನಿಂದ ಹಿತ್ತಲಿನವರೆಗೆ. ಬೆಳಿಗ್ಗೆಯೇ ಶುರು ಮಾಡಿದೆ. ಮಲಗು, ಮಗ್ಗುಲಾಗು, ಏಳು. ಮಲಗು, ಮಗ್ಗುಲಾಗು, ಏಳು. ಅರ್ಧ ಸಾಲು ಮುಗಿಯುವಷ್ಟರಲ್ಲಿ ಬೆನ್ನಿಗೆ ಗಂಟು ಯಾವುದು, ಸೊಂಟ ಯಾವುದು ತಿಳಿಯದಾಯಿತು. ಇನ್ನೊಂದು ನೋಡೋಣವೆಂದು ಮಲಗಿದೆ.

ಕಣ್ಣು ಬಿಟ್ಟಾಗ ಬಿಸಿಲು ಕಿಟಕಿಯಿಂದ ಕೆಳಗಿಳಿದಿತ್ತು. ನನ್ನ ಮೇಲೆ ಹೊಸ ಬಟ್ಟೆಯೊಂದನ್ನು ಯಾರೋ ಹೊದಿಸಿದ್ದರು. ಒಂದು ಮೆಷಿನೂ ಓಡುತ್ತಿರಲಿಲ್ಲ. ಹತ್ತು ಜನ ಹಿತ್ತಲಲ್ಲಿ ಪಿಸುಮಾತಿನಲ್ಲಿ ಊಟ ಮಾಡುತ್ತಿದ್ದರು. ಕತ್ತರಿ ಮಾತ್ರ ಬಾಗಿಲಲ್ಲಿ ಕೂತು ಮಗನನ್ನು ಒಳಗೆ ಬಿಡದೆ ಕಾಯುತ್ತಿದ್ದಳು.

ಎದ್ದು ಸೆರಗು ಸರಿಮಾಡಿಕೊಂಡೆ. ಅವಳು ಗೋಡೆ ನೋಡುತ್ತ ಕೇಳಿದಳು.

"ಪಾಸೋ ಫೇಲೋ ಅಮ್ಮಾ?"

"ಹಾಸಿಗೆ ಪಾಸು" ಎಂದೆ.

ಅವಳು ನಗಲಿಲ್ಲ. ನಕ್ಕಿದ್ದರೆ ಇವತ್ತೇ ಎಲ್ಲ ಮುಗಿದುಹೋಗುತ್ತಿತ್ತು. ಎಷ್ಟು ಹೊತ್ತು ನಗು ತಡೆದಿದ್ದಳೋ ದೇವರಿಗೇ ಗೊತ್ತು. ಇಷ್ಟು ತಡೆಯಬಲ್ಲವಳು ಪಾಲನ್ನೂ ತಡೆದುಕೊಳ್ಳಬಲ್ಲಳು.

"ಉಳಿದ ಅರ್ಧ ಸಾಲು ನೀನು ಮಲಗಿ ನೋಡು" ಎಂದೆ.

"ಚಪ್ಪಲಿ ಬಿಟ್ಟು ಬರ್ತೀನಿ" ಎಂದಳು. ಅಷ್ಟೇ.

ಮಾರ್ಚ್ 28, ಶುಕ್ರವಾರ

ನೋಂದಣಿ ಕಚೇರಿಗೆ ಹೋಗಿ ಮೂವರೂ ಸಹಿ ಹಾಕಿ ಬಂದೆವು. ದಬ್ಬಳದಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಪೆನ್ನನ್ನು ದಬ್ಬಳದ ಹಾಗೆ ಮುಷ್ಟಿಯಲ್ಲಿ ಹಿಡಿದ. ಕತ್ತರಿ ಪ್ರತಿ ಪುಟವನ್ನೂ ಓದಿಸಿ ಕೇಳಿದಳು. ಗುಮಾಸ್ತನಿಗೆ ಸಾಕುಸಾಕಾಯಿತು. "ನಿಮ್ಮ ಯಜಮಾನಿ ಮೇಲೆ ನಂಬಿಕೆ ಇಲ್ವೇನಮ್ಮ?" ಎಂದ.

"ನಂಬಿಕೆ ಇದೆ. ಓದೋದೂ ಇದೆ" ಎಂದಳು.

ಈ ಮಾತು ನನ್ನ ಬಾಯಿಂದ ಬರಬೇಕಿತ್ತು.

ದಾರಿಯಲ್ಲಿ ಕೇಳಿದಳು, "ಇನ್ನು ನಿಮ್ಮನ್ನ ಏನಂತ ಕರೀಬೇಕು?"

"ಅಮ್ಮಾ ಅಂತಾನೇ ಕರಿ. ಪಾಲು ಕೊಟ್ಟಿದ್ದೀನಿ, ವಯಸ್ಸು ಕೊಟ್ಟಿಲ್ಲ."

ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಇವತ್ತು ತಾನೇ ಪೇಂಟರನ್ನು ಕರೆತಂದು, ಬೋರ್ಡಿನಲ್ಲಿ ನನ್ನ ಹೆಸರಿನ ಕೆಳಗೆ 'ಮತ್ತು ಪಾಲುದಾರರು' ಎಂದು ಬರೆಸಿದ. ಅಕ್ಷರ ಸ್ವಲ್ಪ ಚಿಕ್ಕದು. ಇರಲಿ.

ತೆರಿಗೆ ತಪ್ಪಿಸಿಕೊಂಡೆನೆಂದು ಯಾರೂ ಹೇಳುವ ಹಾಗಿಲ್ಲ. ಕೆಲಸ ಹೀಗೇ ಬಂದರೆ ಬರುವ ವರ್ಷ ಹತ್ತನೆಯವರನ್ನು ಸೇರಿಸುತ್ತೇನೆ. ಆ ದಿನ ಹತ್ತೂ ಜನರ ತೆರಿಗೆಯನ್ನು ನಾನೇ ಹೋಗಿ ಕಟ್ಟುತ್ತೇನೆ, ಕಾಸಿಗೆ ಕಾಸು. ತಯಾರಿ ನಡೆಸುತ್ತಿದ್ದೇನೆ.

ಏಪ್ರಿಲ್ 1, ಮಂಗಳವಾರ — ಸಂಜೆ

ಮೊದಲ ದಿನವೇ ತೆರಿಗೆ ಅಧಿಕಾರಿ ಬಂದರು. ಈ ಬೀದಿಯ ಅಂಗಡಿಗಳನ್ನೆಲ್ಲ ಎಣಿಸುತ್ತಿದ್ದಾರಂತೆ. ಹಿಂದಿನ ಬೀದಿಯಲ್ಲಿ ಅಂಗಡಿಯವನೇ ನಿನ್ನೆ ಮೂವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದನಂತೆ. ಅದೇ, ಬಿಲ್ ಕೊಡದವನು.

ಅಧಿಕಾರಿ ಎಣಿಸುತ್ತ ಬಂದರು. ಒಂದು, ಎರಡು, ಮೂರು… ಗವಸಿನ ಮೆಷಿನುಗಳ ಹತ್ತಿರ ಕಿವಿ ಮುಚ್ಚಿಕೊಂಡರು. ಅಕ್ಕತಂಗಿಯರ ಜಗಳ ಮತ್ತೆ ಶುರುವಾಗಿದೆ, ಆ ಕೊಡೆಯದೇ. ಬೈಯಬೇಕಿತ್ತು. ಮನಸ್ಸು ಬರಲಿಲ್ಲ.

ಹತ್ತರ ನಂತರ ನಿಂತರು. ನಡುಹಗಲು, ಅಂಗಡಿಯ ಮಧ್ಯದಲ್ಲಿ ಒಬ್ಬ ಹೆಂಗಸು ಕಣ್ಣು ಮುಚ್ಚಿ ಮಲಗಿದ್ದಾಳೆ.

"ಇವರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಅವಳು ಕಣ್ಣು ಬಿಡದೆ ಹೇಳಿದಳು: "ಪಾಲುದಾರಳು."

"ಕೆಲಸದ ಹೊತ್ತಲ್ಲಿ ಮಲಗಿದ್ದೀರಲ್ಲ?"

"ಇದೇ ಕೆಲಸ. ಕಾಗದ ಬೇಕಾದ್ರೆ ಅಮ್ಮ ತೋರಿಸ್ತಾರೆ. ಸ್ವಲ್ಪ ಸುಮ್ನಿರಿ, ಬೆನ್ನಿಗೆ ಕೇಳಿಸಲ್ಲ."

ಕಾಗದ ತೋರಿಸಿದೆ. ಅವರು ದಬ್ಬಳದಣ್ಣನನ್ನೂ ಲೆಕ್ಕದಿಂದ ಬಿಟ್ಟು ಒಂಬತ್ತು ಎಂದು ಬರೆದುಕೊಂಡರು. ಹೋಗುವಾಗ ಒಂದು ಹಾಸಿಗೆಯ ರೇಟು ಕೇಳಿದರು. ತೆರಿಗೆ ಸೇರಿಸಿ ಹೇಳಿದೆ. ಬಿಲ್ ಹಾಕಿಸಿಕೊಂಡೇ ಹೋದರು.

ಅವರು ಹೊಸ್ತಿಲು ದಾಟಿದ್ದೇ ತಡ, ಕತ್ತರಿ ಎದ್ದು ಕೂತಳು. "ಫೇಲು. ಸೊಂಟದ ಹತ್ರ ಹಳ್ಳ."

ಬೆಳಿಗ್ಗೆ ನಾನೇ ಪಾಸು ಮಾಡಿದ ಹಾಸಿಗೆ. ಮಗ ನನ್ನ ಮುಖ ನೋಡಿದ. ಸೊಸೆ ನೋಡಿದಳು. ದಬ್ಬಳದಣ್ಣ ದಬ್ಬಳ ಎತ್ತಿದ ಕೈ ಹಾಗೇ ನಿಲ್ಲಿಸಿದ.

ಹೋಗಿ ಮಲಗಿದೆ. ಅಂಗಾತ, ಎಡ ಮಗ್ಗುಲು, ಬಲ ಮಗ್ಗುಲು.

ಹಳ್ಳ ಇತ್ತು.

"ಬಿಚ್ಚಿ" ಎಂದೆ. ಬಿಚ್ಚುವುದಕ್ಕೆ ನಾನೇ ಕೂತೆ. ಟಾಕು ಒಂದೊಂದೇ ಕತ್ತರಿಸಿ ಹತ್ತಿ ಹೊರಗೆ ತೆಗೆದು, ಈಗ ಕೈ ತೊಳೆದುಕೊಂಡು ಬಂದು ಇಷ್ಟು ಬರೆದೆ. ಕೆಳಗೆ ಮತ್ತೊಂದು ಹಾಸಿಗೆ ಹಾಸಿದ್ದಾರೆ. ಕತ್ತರಿಯ ಕೂಗು ಕೇಳುತ್ತಿದೆ, ಅಮ್ಮಾ, ಬೇಗ ಬನ್ನಿ, ಹೊತ್ತಾಗ್ತಿದೆ ಅಂತ. ನನ್ನ ಅಂಗಡಿಯಲ್ಲಿ ನನಗೇ—