ಯಾರ ವಿರೋಧವೂ ಇಲ್ಲದ ಬೀಗ

ನಗರಸಭೆಯಲ್ಲಿ ಯಾವ ಮಾತು ಮೊದಲು, ಯಾವ ಮಾತು ಕೊನೆಗೆ ಎಂದು ತೀರ್ಮಾನಿಸುವ ಮಾನ್ಯ ಅಧ್ಯಕ್ಷರೇ,

ಮಾರುಕಟ್ಟೆಯ ಹಿಂಭಾಗದಲ್ಲಿ ತಾವೇ ರಿಬ್ಬನ್ ಕತ್ತರಿಸಿ ಉದ್ಘಾಟಿಸಿದ ಮಹಿಳೆಯರ ಶೌಚಾಲಯಕ್ಕೆ ಅದೇ ಸಂಜೆ ಬಿದ್ದ ಬೀಗವನ್ನು ಇವತ್ತಿನವರೆಗೂ ಯಾರೂ ತೆಗೆದಿಲ್ಲ. ಕಟ್ಟಡ ಮುಗಿದಿದೆ, ನಲ್ಲಿಯಲ್ಲಿ ನೀರಿದೆ, ಗೋಡೆಗೆ ಬಿಳಿ ಟೈಲ್ಸ್ ಇದೆ, ಒಳಗೊಂದು ಕನ್ನಡಿಯೂ ಇದೆಯಂತೆ. ಇಲ್ಲದಿರುವುದು ಬೀಗದ ಕೈ ಆರೋಗ್ಯ ಶಾಖೆಯವರ ಬಳಿ ಇರಬೇಕೋ ಮಾರುಕಟ್ಟೆ ಶಾಖೆಯವರ ಬಳಿ ಇರಬೇಕೋ ಎಂಬ ಒಂದೇ ಸಾಲಿನ ನಿರ್ಣಯ. ಆ ಸಾಲು ಪ್ರತಿ ಸಲವೂ ತಮ್ಮ ಸಭೆಯ ಕಾರ್ಯಸೂಚಿಯಲ್ಲಿರುತ್ತದೆ, ಪ್ರತಿ ಸಲವೂ ಕೊನೆಯಲ್ಲಿರುತ್ತದೆ, ಅಲ್ಲಿಗೆ ಮುಟ್ಟುವ ಮೊದಲೇ ಸಭೆ ಮುಗಿಯುತ್ತದೆ. ನನ್ನ ದೂರು ಇಷ್ಟೇ. ಮುಂದಿರುವುದು ಅದರ ವಿವರ ಮತ್ತು ನನ್ನ ಸಿಟ್ಟು. ಪುರುಸೊತ್ತಿಲ್ಲದಿದ್ದರೆ ತಾವು ಇಲ್ಲಿಗೇ ನಿಲ್ಲಿಸಿ, ಉಳಿದದ್ದನ್ನು ಮುಂದಿನ ಸಭೆಗೆ ಮುಂದೂಡಬಹುದು.

ನಾನು ಆ ಮಾರುಕಟ್ಟೆಯ ಬಾಗಿಲ ಬದಿಯಲ್ಲಿ ಕೂತು ಬೀಗದ ಕೈ ಮಾಡಿಕೊಡುವವಳು. ಪಕ್ಕದ ಮಳಿಗೆಯಲ್ಲಿ ಅತ್ತಿಗೆ, ಎಂದರೆ ನನ್ನ ಅಣ್ಣನ ಹೆಂಡತಿ, ಮಕ್ಕಳ ಬಟ್ಟೆ ಹೊಲಿದು ಮಾರುತ್ತಾರೆ. ಮಾರುಕಟ್ಟೆಯ ಹೆಂಗಸರಿಗೆಲ್ಲ ಒಂದು ಅಭ್ಯಾಸವಿದೆ, ತಮಗೆ ಗೊತ್ತಿರಲಾರದು. ಬೆಳಿಗ್ಗೆ ಮನೆ ಬಿಟ್ಟ ಮೇಲೆ ನಾವು ನೀರು ಮುಟ್ಟುವುದಿಲ್ಲ. ಇದು ಯಾವ ವೈದ್ಯರೂ ಹೇಳಿದ ಪಥ್ಯವಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ, ಅಷ್ಟೇ. ರಸ್ತೆಯಾಚೆಯ ಹೋಟೆಲಿನವರು ತಮ್ಮ ಶೌಚಾಲಯಕ್ಕೆ ಗಿರಾಕಿಗಳನ್ನು ಮಾತ್ರ ಬಿಡುತ್ತಾರೆ. ಹಾಗಾಗಿ ಒಂದು ಸಲ ಹೋಗಬೇಕೆಂದರೆ ಒಂದು ಚಹಾ ಕುಡಿಯಬೇಕು, ಆ ಚಹಾ ಸ್ವಲ್ಪ ಹೊತ್ತಿಗೆ ನಮ್ಮನ್ನು ಮತ್ತೆ ಅಲ್ಲಿಗೇ ಅಟ್ಟುತ್ತದೆ. ಗಂಡಸರಿಗೆ ಈ ತಾಪತ್ರಯವಿಲ್ಲ, ಊರಿನ ಗೋಡೆಗಳೆಲ್ಲ ಅವರವೇ.

ಹೋದ ತಿಂಗಳು ಅತ್ತಿಗೆ ಹೊಲಿಗೆ ಮಿಷನ್ನಿನ ಮುಂದೆ ಕೂತಲ್ಲೇ ನಡುಗತೊಡಗಿದರು. ಮೈ ಕೆಂಡದಂತೆ ಸುಡುತ್ತಿತ್ತು, ಸೊಂಟ ಹಿಡಿದುಕೊಂಡವರಿಗೆ ಎದ್ದು ನಿಲ್ಲಲೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಮೂತ್ರದ ಸೋಂಕು ಕಿಡ್ನಿಗೆ ಏರಿದೆ ಎಂದು ಸೇರಿಸಿಕೊಂಡರು. ವೈದ್ಯೆ ವಯಸ್ಸಿನಲ್ಲಿ ಚಿಕ್ಕವರು, ಗದರಿಸುವುದರಲ್ಲಿ ಹಿರಿಯರು.

“ದಿನಕ್ಕೆ ಎಷ್ಟು ನೀರು ಕುಡೀತೀರಮ್ಮ?”

“ಕುಡಿದ್ರೆ ಹೋಗ್ಬೇಕಲ್ಲ, ಡಾಕ್ಟ್ರೇ.”

“ಹೋಗಿ. ಬೇಡ ಅಂದೋರ್ಯಾರು?”

“ಎಲ್ಲಿಗೆ ಹೋಗ್ಲಿ?”

ವೈದ್ಯೆ ಉತ್ತರಕ್ಕಾಗಿ ನನ್ನ ಮುಖ ನೋಡಿದರು. ಇನ್ನೊಂದು ಸಲ ಹೀಗಾದರೆ ಕಿಡ್ನಿ ಕೈಕೊಡುತ್ತದೆ, ನೀರು ಕುಡಿಯಿರಿ, ಇಲ್ಲವೇ ಅಂಗಡಿ ಬಿಡಿ ಎಂದು ಹೇಳಿ ಅವರು ಮುಂದಿನ ಹಾಸಿಗೆಗೆ ಹೋದರು. ಅತ್ತಿಗೆ ಗೋಡೆಯ ಕಡೆ ತಿರುಗಿ ಮಲಗಿದರು. ಆ ಮಳಿಗೆಯನ್ನು ಅವರು ಅಣ್ಣನ ‘ಬೇಡ’ವನ್ನೂ ನಮ್ಮಮ್ಮನ ಕೊಂಕನ್ನೂ ಸಹಿಸಿಕೊಂಡು ಹಿಡಿದದ್ದು. ತನ್ನ ಹೆಸರಿನ ಬೋರ್ಡನ್ನು ದಿನಾ ಬೆಳಿಗ್ಗೆ ಸೆರಗಿನಿಂದ ಒರೆಸುವ ಹೆಂಗಸಿಗೆ ಅಂಗಡಿ ಬಿಡಿ ಎಂದರೆ ಹೇಗಾಗುತ್ತದೆ ಎಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ತಮಗೂ ತಮ್ಮ ಕುರ್ಚಿಯ ಮೇಲೆ ಪ್ರೀತಿಯಿದೆ ಎಂದು ಕೇಳಿದ್ದೇನೆ.

ಅತ್ತಿಗೆ ಮನೆಗೆ ಬಂದ ಮೇಲೆ ನಾನು ತಮ್ಮ ಕಚೇರಿಗೆ ಬಂದೆ. ಸಭೆಯ ಕೆಲಸ ನೋಡುವ ಗುಮಾಸ್ತರು ಕೂರಿಸಿ ಮಾತಾಡಿಸಿದರು, ಪಟ್ಟಿಯನ್ನೂ ತೋರಿಸಿದರು. “ಇದೆ ಅಮ್ಮ, ನಿಮ್ಮ ವಿಷಯ ಇದೆ. ಕೊನೇಲಿದೆ.” ಹೋದ ಸಲ ಉಳಿದದ್ದು ಈ ಸಲ ಮೊದಲು ಬರಬೇಕಲ್ಲವೇ ಎಂದು ಕೇಳಿದೆ. “ಮುಂದಕ್ಕೆ ಹಾಕಿದ್ದಕ್ಕೆ ಹೊಸ ನಂಬರ್ ಬೀಳುತ್ತಮ್ಮ. ಹೊಸ ನಂಬರ್ ಅಂದ್ಮೇಲೆ ಕೊನೆಗೇ ತಾನೇ?” ಎಂದರು. ಕಾದಷ್ಟೂ ಹೊಸಬರಾಗುವ ಸರದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ, ಅಧ್ಯಕ್ಷರೇ. ಬೆಳಿಗ್ಗೆಯಿಂದ ಕಾದ ಗಿರಾಕಿಯನ್ನು ಸಂಜೆ ಬಂದವರ ಹಿಂದೆ ನಿಲ್ಲಿಸಿದರೆ ಅವರು ಸಿಕ್ಕಿದ್ದನ್ನು ಎತ್ತಿ ನನ್ನ ತಲೆಗೇ ಎಸೆಯುತ್ತಾರೆ. ಈ ಮೇಲೆ ಕೆಳಗೆ ಮಾಡುವವರು ಯಾರು ಎಂದು ಕೇಳಿದಾಗ ಗುಮಾಸ್ತರು ದನಿ ತಗ್ಗಿಸಿದರು. ಸಭೆಯ ಹಿಂದಿನ ದಿನ ತಮ್ಮ ಕೊಠಡಿಯಲ್ಲಿ ಎರಡೂ ಪಕ್ಷದ ಮುಖಂಡರು ಚಹಾಕ್ಕೆ ಸೇರುತ್ತಾರಂತೆ. “ಜಗಳ ಇರೋದನ್ನ ಮೇಲೆ ಹಾಕ್ತಾರಮ್ಮ. ನಿಮ್ಮದಕ್ಕೆ ಯಾರ ವಿರೋಧವೂ ಇಲ್ಲ. ಅದೇನು, ಯಾವಾಗ ಬೇಕಾದ್ರೂ ಆಗುತ್ತೆ ಅಂತ ಕೆಳಗೆ ಹಾಕ್ತಾರೆ.”

ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಕೇಳಿದೆ. ಸರಿಯಾಗಿಯೇ ಕೇಳಿಸಿತ್ತು. ನಮ್ಮ ಕೆಲಸಕ್ಕೆ ಎಲ್ಲರ ಒಪ್ಪಿಗೆಯೂ ಇದೆ, ಆದ್ದರಿಂದ ಅದು ಆಗುವುದಿಲ್ಲ.

ನಂಬಿಕೆ ಬಾರದೆ ಮರುದಿನದ ಸಭೆಗೆ ಅಂಗಡಿ ಮುಚ್ಚಿ, ಸಾರ್ವಜನಿಕರಿಗೆಂದು ಇಟ್ಟಿರುವ ಬೆಂಚಿನಲ್ಲಿ ಬಂದು ಕೂತೆ. ಹೊಸ ವೃತ್ತಕ್ಕೆ ಯಾರ ಹೆಸರಿಡಬೇಕು ಎಂಬುದು ಮೊದಲ ವಿಷಯ. ಎಂಥ ಉತ್ಸಾಹ! ಮೇಜು ಗುದ್ದಿದ್ದೇನು, ಹೊರಗೆ ಹೋದದ್ದೇನು, ಪತ್ರಿಕೆಯವರು ಫೋಟೊ ತೆಗೆದುಕೊಂಡ ಮೇಲೆ ಒಳಗೆ ಬಂದದ್ದೇನು. ಆ ವೃತ್ತವನ್ನು ಜನ ಈಗಲೂ ಪೆಟ್ರೋಲ್ ಬಂಕ್ ವೃತ್ತ ಎನ್ನುತ್ತಾರೆ, ನಾಳೆಯೂ ಹಾಗೇ ಎನ್ನುತ್ತಾರೆ. ಆಮೇಲೆ ತಾವು ಗಂಟೆ ಬಾರಿಸಿ ಸ್ವಲ್ಪ ವಿರಾಮ ಎಂದಿರಿ. ಸದಸ್ಯರೆಲ್ಲ ಎದ್ದು ಪಕ್ಕದ ಕಾರಿಡಾರಿನ ಶೌಚಾಲಯಕ್ಕೆ ಹೋದರು. ನಾನೂ ಅವರ ಹಿಂದೆಯೇ ಹೋದೆ. ಬಾಗಿಲಲ್ಲಿದ್ದ ಜವಾನರು ಸಂಕೋಚದಿಂದಲೇ ತಡೆದರು. “ಇದು ಸದಸ್ಯರಿಗೆ ಮಾತ್ರ, ಅಮ್ಮ.” ಸಾರ್ವಜನಿಕರಿಗೆ ಎಲ್ಲಿದೆ ಎಂದು ಕೇಳಿದೆ. ಮಾರುಕಟ್ಟೆಯ ಹಿಂದೆ ಹೊಸದೊಂದು ಕಟ್ಟಿಸಿದ್ದಾರೆ ನೋಡಿ ಎಂದರು. ನಗಬೇಕೋ ಅಳಬೇಕೋ ತಿಳಿಯದೆ ಬಂದು ಮತ್ತೆ ಕೂತೆ. ವಿರಾಮದ ನಂತರ ಸದಸ್ಯರ ಅಧ್ಯಯನ ಪ್ರವಾಸದ ವಿಷಯ ಬಂತು, ಊಟದ ಹೊತ್ತಾಯಿತು, ಉಳಿದವು ಮುಂದಿನ ಸಭೆಗೆ ಹೋದವು.

ಆಗ ನನಗೊಂದು ಉಪಾಯ ಹೊಳೆಯಿತು. ಜಗಳವಿದ್ದರೆ ತಾನೇ ಮೇಲೆ ಬರುವುದು? ಮೆಟ್ಟಿಲಿಳಿಯುತ್ತಿದ್ದ ವಿರೋಧ ಪಕ್ಷದ ಮುಖಂಡರನ್ನು ನಿಲ್ಲಿಸಿ, “ಸಾರ್, ದಯವಿಟ್ಟು ನಮ್ಮ ಶೌಚಾಲಯವನ್ನ ನೀವು ವಿರೋಧಿಸಬೇಕು” ಎಂದು ಕೈಮುಗಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. “ಛೆ ಛೆ, ಏನಮ್ಮ ಮಾತು? ಹೆಣ್ಣುಮಕ್ಕಳ ವಿಷಯ! ನಮ್ಮ ಸಂಪೂರ್ಣ ಬೆಂಬಲ ಇದೆ.” ಸ್ವಲ್ಪವಾದರೂ ವಿರೋಧಿಸಿ, ಟೈಲ್ಸಿನ ಬಣ್ಣ ಸರಿಯಿಲ್ಲ ಎಂದಾದರೂ ಹೇಳಿ ಎಂದು ಅಂಗಲಾಚಿದೆ. ಬೆಂಬಲ ಕೊಟ್ಟೇ ಕೊಡುತ್ತೇವೆ ಎಂದು ಭರವಸೆ ನೀಡಿ ಕಾರು ಹತ್ತಿದರು. ಇಷ್ಟೊಂದು ಬೆಂಬಲ ಹೊತ್ತುಕೊಂಡು ನಾನು ಬಸ್ಸಿನಲ್ಲಿ ಮನೆಗೆ ಹೋದೆ.

ಮೊನ್ನೆ ಅತ್ತಿಗೆ ಮಾರುಕಟ್ಟೆಗೆ ಬಂದರು. ಹೊಲಿಯಲು ಅಲ್ಲ. ನನ್ನ ಎದುರಿನ ಸ್ಟೂಲಿನ ಮೇಲೆ ಕೂತು, ಹರಡಿಕೊಂಡಿದ್ದ ಸಾಮಾನುಗಳನ್ನು ನೋಡಿದರು.

“ಆ ಬೀಗ ನಿನಗೇನು ದೊಡ್ಡದೇನೇ? ಹೋಗಿ ತೆಗಿ.”

“ಯಜಮಾನರು ಪಕ್ಕದಲ್ಲಿ ನಿಲ್ಲದೆ ನಾನು ಯಾವ ಬೀಗಾನೂ ಮುಟ್ಟಲ್ಲ ಅತ್ತಿಗೆ. ನಿಮಗೇ ಗೊತ್ತಲ್ಲ.”

“ಸರಿ ಬಿಡು. ಅವರಿಗೆ ಅವರ ನಿಯಮ, ನಿನಗೆ ನಿನ್ನ ನಿಯಮ. ನಾನು ಮಳಿಗೆ ಬಿಟ್ಟುಕೊಡ್ತೀನಿ. ಈ ತಿಂಗಳಿಗೆ ಸಾಕು.”

ಕೋಪದಲ್ಲಿ ಹೇಳಿದ್ದರೆ ಜಗಳವಾಡಬಹುದಿತ್ತು. ಸುಸ್ತಿನಲ್ಲಿ ಹೇಳಿದರು. ನನ್ನನ್ನು ತಮ್ಮ ಜೊತೆಗೆ, ಎಂದರೆ ನಗರಸಭೆಯ ಜೊತೆಗೆ ಒಂದೇ ಸಾಲಿನಲ್ಲಿ ಕೂರಿಸಿ ಎದ್ದು ಹೋದರಲ್ಲ, ಆ ಮಾತು ಇನ್ನೂ ಚುಚ್ಚುತ್ತಿದೆ. ಆ ದಿನವಿಡೀ ನನಗೆ ಕೆಲಸ ಓಡಲಿಲ್ಲ. ಬೀಗದ ಯಜಮಾನರು ಯಾರು ಎಂದು ನಾನು ಈವರೆಗೆ ಯೋಚಿಸಿಯೇ ಇರಲಿಲ್ಲ. ತಾವಂತೂ ಅಲ್ಲ. ತಮಗೆ ಕಾರಿಡಾರಿನಲ್ಲಿ ಬೇರೆಯೇ ಶೌಚಾಲಯವಿದೆ. ಆರೋಗ್ಯ ಶಾಖೆಯೂ ಅಲ್ಲ, ಮಾರುಕಟ್ಟೆ ಶಾಖೆಯೂ ಅಲ್ಲ, ತಮ್ಮದು ಎಂದು ಅವರಿಗೇ ಖಾತ್ರಿಯಿಲ್ಲ. ಹಾಗಾದರೆ ಯಾರಿಗೆಂದು ಕಟ್ಟಿಸಿದಿರೋ ಅವರೇ ಇರಬೇಕು.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಮುಂದಿನ ಸಭೆಯಲ್ಲಿ ಅಭಿನಂದನೆಗಳಿಗಿಂತ, ವೃತ್ತಗಳಿಗಿಂತ, ಪ್ರವಾಸಕ್ಕಿಂತ ಮೊದಲು ಈ ವಿಷಯವನ್ನು ತೆಗೆದುಕೊಳ್ಳಿ. ಬೀಗದ ಕೈಯನ್ನು ಯಾವ ಶಾಖೆಗಾದರೂ ಕೊಡಿ, ಆದರೆ ಅವತ್ತೇ ಕೊಡಿ. ಮುಂದೂಡಿದ ವಿಷಯ ಮೇಲಕ್ಕೇರಬೇಕೆಂದು ಅದೇ ಸಭೆಯಲ್ಲಿ ನಿಯಮವನ್ನೂ ಮಾಡಿ. ತಾವು ವಿರಾಮದ ಗಂಟೆ ಬಾರಿಸುವವರೆಗೂ ನಾನು ನಮ್ಮ ಶೌಚಾಲಯದ ಬಾಗಿಲ ಮುಂದೆ ಕಾಯುತ್ತೇನೆ. ಅಷ್ಟರಲ್ಲಿ ಬೀಗದ ಕೈ ಬಾರದಿದ್ದರೆ, ಅತ್ತಿಗೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಾನೇ ಬೀಗ ತೆಗೆಯುತ್ತೇನೆ. ಇದು ಅಪರಾಧವಾದರೆ ಧಾರಾಳವಾಗಿ ದೂರು ಕೊಡಿ. ಕೆಲವರು ನನ್ನ ಪರ ನಿಲ್ಲುತ್ತಾರೆ, ಕೆಲವರು ಮೇಜು ಗುದ್ದುತ್ತಾರೆ, ಕೊನೆಗೂ ನಮ್ಮ ವಿಷಯಕ್ಕೆ ವಿರೋಧ ಹುಟ್ಟುತ್ತದೆ. ಆಗ ಅದನ್ನು ಕಾರ್ಯಸೂಚಿಯ ಮೊದಲಿಗೇ ಹಾಕಿ ದಿನವಿಡೀ ಚರ್ಚಿಸಿ. ತಮ್ಮ ಚರ್ಚೆ ಮುಗಿಯುವಷ್ಟರಲ್ಲಿ ಅತ್ತಿಗೆ ಒಳಗೆ ಹೋಗಿ ಬಂದು, ಒಂದು ಲೋಟ ನೀರು ಕುಡಿದು, ಮಿಷನ್ನಿನ ಮುಂದೆ ಕೂತಿರುತ್ತಾರೆ.

ಇಂತಿ,
ಎಲ್ಲರ ಸಂಪೂರ್ಣ ಬೆಂಬಲದಿಂದ ಬೇಸತ್ತಿರುವ,
ಮಾರುಕಟ್ಟೆಯ ಬೀಗದ ಕೈ ಮಾಡುವವಳು