ಒಂಬತ್ತನೇ ಸ್ಥಾನದ ಹಾಡು

ಪಟಾಕಿ,

ನೀನು ತೀರಿಹೋಗಿ ಎರಡು ವರ್ಷದ ಮೇಲೆ ನಮ್ಮ ಮೂರನೇ ಆಲ್ಬಂ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಒಂಬತ್ತನೇ ಸ್ಥಾನಕ್ಕೆ ಏರಿದೆ. ಮೊದಲನೆಯದು ನಲವತ್ತೊಂದರಲ್ಲೇ ಏದುಸಿರು ಬಿಟ್ಟಿತ್ತು, ಎರಡನೆಯದು ಹನ್ನೆರಡು ಮುಟ್ಟಿತ್ತು. ಇದನ್ನು ಮಾತ್ರ ಮೊದಲು ಬಿಡುಗಡೆಯಾದಾಗ ನಾಯಿಯೂ ಮೂಸಿ ನೋಡಿರಲಿಲ್ಲ.

ಬೆಳಿಗ್ಗೆ ನಮ್ಮ ಹಳೇ ಸೌಂಡ್ ಎಂಜಿನಿಯರ್ ಫೋನ್ ಮಾಡಿದ. ಮರುಬಿಡುಗಡೆಗೆ ಕಳಿಸುವಾಗ ಟೇಪು ಅದಲುಬದಲಾಗಿದೆಯಂತೆ.

"ನೀವು ಕೊನೆಗೆ ಒಪ್ಪಿದ್ದಲ್ಲ ಸಾರ್, ಅದಕ್ಕೂ ಮುಂಚಿನದು ಹೋಗ್ಬಿಟ್ಟಿದೆ. ಇದ್ರಲ್ಲಿ ಮೇಡಂ ದನಿ ಮುಂದಿದೆ, ನಿಮ್ಮ ಗಿಟಾರ್ ಹಿಂದೆ. ವಾಪಸ್ ತಗೊಂಡು ಸರಿಯಾದ್ದು ಹಾಕ್ಲಾ?"

ಅಂದು ರೆಕಾರ್ಡಿಂಗ್ ಮುಗಿಸಿ ನೀನು ಮನೆಗೆ ಹೋದ ಮೇಲೆ, ನಾನು ಅವನ ಪಕ್ಕ ಕೂತು ನಿನ್ನ ದನಿಯನ್ನು ತಗ್ಗಿಸಿದ್ದೆ.

"ಅದೇ ಸರಿ, ಮುಟ್ಬೇಡ" ಎಂದೆ.

ಆಲ್ಬಂ ಕೈಗೆ ಬಂದ ದಿನ ನೀನು ಹೆಡ್‌ಫೋನ್ ತೆಗೆದು, "ನನ್ನ ದನಿ ಸ್ವಲ್ಪ ಕಡಿಮೆ ಆಯ್ತು, ಅಲ್ವೇನೋ?" ಎಂದು ಕೇಳಿದ್ದೆ. "ನಿನ್ನ ಕಿವಿಗೇನಾಗಿದೆ, ಚೆನ್ನಾಗೇ ಕೇಳ್ತಿದೆ" ಎಂದಿದ್ದೆ ನಾನು. ಆಮೇಲೆ ನೀನು ಹಾಡಲೇ ಇಲ್ಲ.

ಮಧ್ಯಾಹ್ನ ಕ್ಷೌರದಂಗಡಿಯ ರೇಡಿಯೋದಲ್ಲಿ ಆ ಆಲ್ಬಂನ ಹಾಡು ಬಂತು. ಕ್ಷೌರಿಕ ಕತ್ತರಿ ನಿಲ್ಲಿಸಿ, "ಯಾರ್ರೀ ಇದು ಹಾಡ್ತಿರೋದು?" ಎಂದ. ನಿನ್ನ ಹೆಸರಷ್ಟೇ ಹೇಳಿದೆ.

ಚೆನ್ನಾಗೇ ಕೇಳ್ತಿತ್ತು ಕಣೇ.